ಹಿಂದಿನದೊಂದು

ಗ್ರಿಮ್ಸ್‌ಬಿಯ ಮೀನು ಹರಾಜುಕಟ್ಟೆ. ಬೆಳಗಿನ ಜಾವ ನಾಲ್ಕು ಇಪ್ಪತ್ತು.
ಐಸು ಪುಡಿಮಾಡುವ ಯಂತ್ರದ ಬೆನ್ನಿಗಂಟಿದ ಕೋಣೆಯಲ್ಲಿ
ತಕ್ಕಡಿಗಳ ಲೆಕ್ಕ ಹಿಡಿಯುವ ಪೆಟ್ಟಿಗೆ
ಉಸಿರು ಕಟ್ಟಿ ಕೂತಿದೆ.
ಜಾಗ ಇಲ್ಲ ಅನ್ನುತ್ತಿದೆ, ಅಷ್ಟೆ.

ಇಣುಕಿದೆ. ಬೂಟ್ ಎಂಬ ಗೇಣಗಲದ ಗೂಡು,
ಒಳಗೆ ಹದಿಮೂರು ಕರ್ನಲ್ಲು, ಒಂದರ ತೊಡೆಯ ಮೇಲೊಂದು.
ನಂಬರು ಬಿಟ್ಟರೆ ಬೇರೆ ಗುರುತಿಲ್ಲ:
ಎಂಬತ್ತೊಂಬತ್ತು, ತೊಂಬತ್ತೊಂದು, ತೊಂಬತ್ತೆರಡು...
(ತೊಂಬತ್ತು ಏನಾಯಿತು, ಕೇಳಬೇಡಿ, ನನಗೂ ಗೊತ್ತಿಲ್ಲ)
ಹದಿನಾಲ್ಕನೆಯದರ ಒಂದು ಕಾಲು ಒಳಗೆ, ಒಂದು ಹೊಸ್ತಿಲಾಚೆ.
ಎಲ್ಲರೂ ಮಲಗಿದ ಹೊತ್ತಿಗೆ ತಾವಾಗಿ ಬಂದು ಸೇರಿದಂಥವು;
ಹೋಗಿ ಬಾ ಅಂದವರಿಲ್ಲ ಯಾವುದಕ್ಕೂ.

ಹೇಳಿತ್ತು ನಿಜ. ಕಡತದಲ್ಲಿ ಬರೆದೇ ಇತ್ತು,
ಬಳಸದ ಹಳೆಯದನ್ನು ತಾನಾಗಿ ತೆಗೆ ಎಂದು.
ಸಾಲಿನ ತಲೆಗೆ ಮಾತ್ರ ಎರಡು ಓರೆಗೆರೆ:
ಇದೆ, ಆದರೆ ಕೇಳಿಸಿಕೊಳ್ಳಬೇಡ.
ನಮ್ಮ ಮನೆಯಲ್ಲೂ ಇದ್ದವು ಇಂಥ ಮಾತು.

ಬಾಗಿಲಾಚೆ ನೊರೀನ್ ಬ್ಲಾಂಚಾರ್ಡ್ ಹ್ಯಾಡಕ್ ಸೀಳುತ್ತಾಳೆ,
ಮಸೆದು ಮಸೆದು ಗರಿಕೆಯಷ್ಟಾದ ಚಾಕು.
ಎಷ್ಟಿವೆ ನಿನ್ನ ಹತ್ತಿರ, ಕೇಳಿದೆ.
"ಕೈಯಲ್ಲಿರೋದು. ಅದರ ಹಿಂದಿನದೊಂದು.
ಹೊಸದು ಕೈಕೊಟ್ಟರೆ ಇವತ್ತಿನ ದಿನ ದಾಟಬೇಕಲ್ಲ."
ಮತ್ತೆ ಉಳಿದವು?
ಗದ್ದದಿಂದ ತೋರಿಸಿದಳು. ಡಬ್ಬಿಯೋ, ಡಾಕಿನ ನೀರೋ, ತಿಳಿಯಲಿಲ್ಲ.

ಮೊದಲ ಸಲ ಕೈಯಿಂದಲೇ ತೆಗೆದೆ.
ಎಂಬತ್ತೊಂಬತ್ತು ಹೋಯಿತು. ತೊಂಬತ್ತೊಂದು, ಎರಡು, ಮೂರು.
ತೊಂಬತ್ನಾಲ್ಕಕ್ಕೆ ಬೆರಳು ತಡೆಯಿತು.
ಜನವರಿಯ ಬಿರುಗಾಳಿಗೆ ಕರೆಂಟು ಮೂರು ಸಲ ಹೋದ ರಾತ್ರಿ
ಮೂರು ಸಲವೂ ಎದ್ದು ನಿಂತದ್ದು ಇದೇ.
ಬೆಳಿಗ್ಗೆ ಒಂದು ಪೆಟ್ಟಿಗೆ ಕಾಡ್ ಕೂಡ ತೂಕ ತಪ್ಪಿರಲಿಲ್ಲ.
ಎಳ್ಳುನೀರು ಬಿಡುವಷ್ಟು ನೆಂಟಸ್ತಿಕೆಯೇನಲ್ಲ.
ಆದರೂ ಕಾಫಿ ಒಂದು ಗುಟುಕು ಕುಡಿದು,
ಆಮೇಲೆ ಒತ್ತಿದೆ.

ನೂರರವರೆಗೆ ಹೋದವು.
ನೂರಾ ಎರಡು ಓಡುತ್ತಿದೆ, ಮುಟ್ಟುವಂತಿಲ್ಲ.
ಅದರ ಬೆನ್ನಿಗೆ ನೂರಾ ಒಂದು, ಇರಲಿ.
ಹೊಸ್ತಿಲ ಮೇಲಿದ್ದದ್ದು ಇನ್ನೊಂದು ಕಾಲೂ ಒಳಗಿಟ್ಟಿತು.

ಕೊನೆಗೆ ಆ ಎರಡು ಓರೆಗೆರೆ ಅಳಿಸಿದೆ.
ಅಷ್ಟೇ ಕೆಲಸ; ಬಿಲ್ಲಿನಲ್ಲಿ ಹದಿನೈದು ನಿಮಿಷ ಅಂತ ಬರೆಯಬೇಕು.
ಇನ್ನು ಮೇಲೆ ತೆಗೆಯುವುದೂ ರಾತ್ರಿಯೇ, ತಾನಾಗಿ,
ಯಾವ ನಂಬರಿಗೂ
ಯಾರ ಬೆರಳೂ ತಡೆಯದೆ.

ಹೊರಗೆ ಮೊದಲ ಲಾರಿ ಹಿಂದಕ್ಕೆ ಬರುತ್ತಾ ಕೂಗುತ್ತಿತ್ತು.
ನೊರೀನ್ ಚಾಕು ಒರೆಸಿ, ಬೆಳಕಿಗೆ ಹಿಡಿದು,
ಇನ್ನೊಂದು ವಾರ ಬರುತ್ತೆ ಅಂದಳು.