ಎರಡು ಬೆರಳಿನ ಬಾಯಿ

ಸೂಪರ್‌ವೈಸರ್ ಮೇಡಂ ಕೊಟ್ಟ ಚೀಟಿಯಲ್ಲಿತ್ತು:
ಗಜ್ಜರಿ ಎರಡು, ನುಗ್ಗೆಸೊಪ್ಪು ಒಂದು ಟೊಂಗೆ,
ಟಮಾಟಿ ದೊಡ್ಡದು, ಬಾಗಿಲ ಪಕ್ಕ.
ಅದರ ಕೆಳಗೆ ಅಕ್ಷರ:
ಕಣ್ಣಿಗೆ, ಚರ್ಮಕ್ಕೆ, ಹೃದಯಕ್ಕೆ, ರಕ್ತಕ್ಕೆ.
ಚದರ ಅಡಿಗೆ ಇಷ್ಟು. ಬಣ್ಣ ನನ್ನದೇ.

ನಾನು ಕಿನ್ನಾಳದವ.
ಅಪ್ಪ ಹುಣಸೆಬೀಜ ಅರೆದು ಅಂಟು ಕಾಯಿಸಿ
ಕಟ್ಟಿಗೆಯ ಗರುಡನಿಗೆ ಇಂಗಳೀಕ ಬಳಿದವ,
ಒಂದು ಕೆಂಪಿಗೆ ಮೂರು ದಿನ ಕಲ್ಲಿನ ಮುಂದೆ ಕೂತವ.
ನನ್ನದು ಡಬ್ಬಿಯ ಕೆಂಪು.
ಮುಚ್ಚಳ ಎಬ್ಬಿಸಿ ಕಡ್ಡಿಯಲ್ಲಿ ತಿರುವಿದರಾಯಿತು,
ಸರ್ಕಾರಿ ಗೋಡೆಗೆ ಸಾಕು ಅಂದುಕೊಂಡಿದ್ದೆ.

ಲೇಬಗೇರಿಯ ಅಂಗನವಾಡಿ, ಒಳಗೆ ಹದಿನೇಳು ಮಕ್ಕಳು.
ಟೀಚರು "ಆ" ಅಂದರೆ
ಕಿರುನಾಲಗೆ ಕಾಣುವ ತನಕ ಹದಿನೇಳು ಬಾಯಿ.
ಏಣಿಯ ಮೇಲೆ ನಾನೂ ಮೆಲ್ಲಗೆ ಅಂದು ನೋಡಿದೆ.
"ಅ" ದಾಟಲಿಲ್ಲ.

ಇಪ್ಪತ್ತು ವರ್ಷದ ಗುಟ್ಕಾ
ಕೆನ್ನೆಯೊಳಗೆ ಕೂತು ಹಗ್ಗ ಹೊಸೆದಿದೆ.
ಕೊಪ್ಪಳದ ಹಲ್ಲಿನ ಡಾಕ್ಟರು ಬೆರಳು ಇಡಿಸಿ ಅಳೆದರು:
ಮೂರು ಹೋಗಬೇಕು, ಹೋದದ್ದು ಎರಡು.
ಬೈಯಲಿಲ್ಲ. ಗುಳಿಗೆ ಬರೆದರು,
ಮೆತ್ತಗಿನ ಗುಳಿಗೆ, ಒಳಗೆ ಕೆಂಪು.
"ಏನ್ರೀ ಸರ ಇದು?"
"ಟಮಾಟಿ ಬಣ್ಣಪಾ. ಹಣ್ಣಿನ ಕೆಂಪs ಔಷಧ.
ಆದ್ರ ನೀ ತಿನ್ನೂದು ಬಿಡದ
ಅದೊಂದs ಏನೂ ಮಾಡಂಗಿಲ್ಲ."
ಬಣ್ಣ ಬಳಿದು ಉಣ್ಣುವವನಿಗೆ
ಬಣ್ಣವನ್ನೇ ಉಣ್ಣು ಅಂದವರು ಅವರೇ ಮೊದಲು.

ಬಾಗಿಲ ಪಕ್ಕದ ಉರುಟು ಮುಗಿಸಿ ಹಿಂದೆ ಸರಿದು ನಿಂತೆ.
ಮೂಗು ಸೋರುವ ಹುಡುಗಿಯೊಂದು ಬಂದು ನಿಂತು
"ಸೇಬಣ್ಣು" ಅಂತು.
"ಸೇಬು ತಿಂದಿಯೇನವಾ?"
"ಇಲ್ಲ. ಪುಸ್ತಕದಾಗ ಐತಿ."
"ಟಮಾಟಿ?"
"ಮನ್ಯಾಗ ಐತಿ. ಅದಕ್ಕ ಟೊಪಗಿ ಇರತೈತಿ."
ಹೌದಲ್ಲ.
ಹಸಿರದ್ದಿ ಐದು ಮೂಲೆಯ ಟೊಪ್ಪಿಗೆ ತೊಡಿಸಿದೆ.
ಒಪ್ಪಿದಳೋ ಇಲ್ಲವೋ,
ಲಂಗಕ್ಕೆ ಮೂಗು ಒರೆಸಿಕೊಂಡು ಒಳಗೆ ಹೋದಳು.

ಕಿಟಕಿಯೊಳಗೆ ಹುಲಿಗೆವ್ವ
ಪುಟ್ಟಿಯ ಟಮಾಟಿ ಹೆಚ್ಚುತ್ತಿದ್ದಳು.
ಒಂದು ಹೋಳು ಕೇಳಿದೆ. ನನ್ನ ಬಾಯಿ ನೋಡಿದಳು.
"ಹಸೀದು ಬ್ಯಾಡೋ ತಮ್ಮಾ, ಉರಿ ಹತ್ತತೈತಿ.
ತಡಿ, ಎಣ್ಣಿ ಕಾಯ್ಲಿ.
ಎಣ್ಣಿ ಕಾಣದ ಟಮಾಟಿ
ತನ್ನ ಕೆಂಪು ಬಿಟ್ಟುಕೊಡಂಗಿಲ್ಲ."

ಕೈಯ ಬ್ರಶ್ಶು ಅಲ್ಲೇ ನಿಂತಿತು.
ಅಪ್ಪನದೂ ಇದೇ ಮಾತು:
ಎಣ್ಣೆಯ ಮೆರುಗು ಕಾಣದ ಇಂಗಳೀಕ
ಬರೀ ಧೂಳು, ಊದಿದರೆ ಹಾರುತ್ತದೆ.
ಆಕೆಗೆ ಇದನ್ನು ಯಾವ ತರಬೇತಿಯಲ್ಲಿ ಹೇಳಿಕೊಟ್ಟರೋ,
ಅವಳ ಅವ್ವನ ಸೌಟೋ.

ಮಧ್ಯಾಹ್ನ ಮಕ್ಕಳ ಸಾಲಿನ ಕೊನೆಗೆ ನಾನೂ ಕೂತೆ.
ಅನ್ನದ ಮೇಲೆ ಸಾರು,
ಶೇಂಗಾದೆಣ್ಣೆಯ ಕಣ್ಣುಗಳಲ್ಲಿ ಸಣ್ಣ ಸಣ್ಣ ಕೆಂಪು.
ಖಾರವಿಲ್ಲ. ಉಪ್ಪು ತುಸುವೇ,
ಉಳಿದದ್ದನ್ನು ಹುಳಿಯೇ ನೋಡಿಕೊಂಡಿತ್ತು.
ದೊಡ್ಡ ಚಮಚ ಹೋಗದೆಂದು
ಮಕ್ಕಳದೊಂದು ಕೊಟ್ಟಳು, ಹಿಡಿಕೆಗೆ ಆನೆ ಇರುವಂಥದು.
ಉರಿಯಿತು, ಸ್ವಲ್ಪ.
ನುಂಗಿದೆ. ಮತ್ತೆ ಹಾಕು ಅಂದೆ.
ಮೂಗಿನ ಹುಡುಗಿ ನನ್ನ ಆನೆಯನ್ನೇ ನೋಡುತ್ತಿದ್ದಳು,
ಅವಳದೇ ಇರಬೇಕು.

ಸಂಜೆ ಅಕ್ಷರ ಬರೆದೆ:
ಕಣ್ಣಿಗೆ, ಚರ್ಮಕ್ಕೆ, ಹೃದಯಕ್ಕೆ, ರಕ್ತಕ್ಕೆ.
ಸಾಲಿನ ಕೊನೆಗೆ ಒಂದು ಗೇಣು ಗೋಡೆ ಉಳಿಯಿತು.
"ಬಾಯಿಗೆ" ಅಂತ ಸೇರಿಸಿದೆ.
ಮೇಡಂ ಕೇಳಿದರೆ
ಅದಕ್ಕೆ ದುಡ್ಡು ಬೇಡ ಅಂತೀನಿ.

ಜೇಬಿನಲ್ಲಿ ಒಂದು ಪಾಕೀಟು ಇನ್ನೂ ಇತ್ತು.
ದೂರ ಎಸೆದೆ ಅಂತ ಹೇಳಿದರೆ ಸುಳ್ಳಾಗುತ್ತದೆ.
ಉಳಿದ ಕೆಂಪಿನ ಡಬ್ಬಿಯಲ್ಲಿ ಮುಳುಗಿಸಿ
ಮುಚ್ಚಳದ ಮೇಲೆ ನಾಲ್ಕು ಏಟು ಬಡಿದೆ.
ಬೇಕೇ ಬೇಕು ಅನ್ನಿಸಿದರೆ
ಮೊಣಕೈ ತನಕ ಕೆಂಪಾಗಿ ತೆಗೆಯಬೇಕು.