ತಂತಿ ಬಿಟ್ಟ ಕೊಂಬು

ಬೆಳಗಿನ ಐದೂಕಾಲು. ಉಲಾನ್‌ಬಾತರಿನ ಗಾಳಿಗೆ
ಇನ್ನೂ ರಾತ್ರಿಯ ಕಲ್ಲಿದ್ದಲ ಹೊಗೆಯದೇ ರುಚಿ.
ಡಿಪೋದಲ್ಲಿ ನನ್ನ ಟ್ರಾಲಿಬಸ್ಸು
ನೆತ್ತಿಯ ಎರಡು ಕೊಂಬು ಇಳಿಸಿಕೊಂಡು ಮಲಗಿದೆ,
ಮೂಗಿನ ತುದಿಗೆ ಹಿಮ.
ಅದನ್ನು ಎಬ್ಬಿಸುವವಳು ನಾನು.
ಎಬ್ಬಿಸಿಯೇ ಬಂದಿದ್ದೇನೆ ಮನೆಯಲ್ಲೂ:
ಒಲೆಯನ್ನು, ಇಬ್ಬರು ಮಕ್ಕಳನ್ನು,
ಅತ್ತೆಯ ಮೊಣಕಾಲನ್ನು,
ದಕ್ಷಿಣದ ಗಣಿಯಲ್ಲಿ ಪಾಳಿ ಮರೆತು ಮಲಗುವ ಗಂಡನನ್ನು, ಫೋನಿನಲ್ಲಿ.

ನನ್ನ ಹೆಸರು ನೆರ್ಗುಯಿ.
ಹಾಗೆಂದರೆ ನಮ್ಮ ಮಾತಿನಲ್ಲಿ ‘ಹೆಸರಿಲ್ಲ’.
ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳಿಯಲಿಲ್ಲವಂತೆ.
ಇದಕ್ಕೆ ಹೆಸರೇ ಇಲ್ಲ ಅಂದುಬಿಟ್ಟರೆ
ಕೇಡು ಬಾಗಿಲ ತನಕ ಬಂದು
ಯಾರನ್ನು ಕೂಗುವುದೋ ತಿಳಿಯದೆ
ಬಂದ ದಾರಿ ಹಿಡಿಯುತ್ತದೆಂದು ಅಜ್ಜಿಯ ಲೆಕ್ಕ.
ಕೇಡೇನೋ ಹೋಯಿತು.
ಅದರ ಹಿಂದೆಯೇ ಬಂದ ಸುಖವೂ
ಅದೇ ಹೊಸ್ತಿಲಲ್ಲಿ ನಿಂತು ತಬ್ಬಿಬ್ಬಾಗಿ
ತಿರುಗಿ ಹೋಯಿತೋ ಏನೋ.

ಹೋದ ವರ್ಷ ಜನವರಿ. ಸೇತುವೆ ಇಳಿಯುವ ತಿರುವಿನಲ್ಲಿ
ಕೊಂಬೊಂದು ತಂತಿ ಬಿಟ್ಟಿತು.
ಫಟ್ಟೆಂದು ನೀಲಿ ಕಿಡಿ. ದೀಪ ಆರಿತು. ಬಸ್ಸು ನಿಂತಿತು.
ಇಳಿದೆ, ಹಿಂದಕ್ಕೆ ಹೋಗಿ ಹಗ್ಗ ಹಿಡಿದು
ಆಕಾಶದಲ್ಲಿ ಗಾಳ ಹಾಕುವವಳ ಹಾಗೆ
ಕತ್ತೆತ್ತಿ ತಡಕಿದೆ, ಒಂದು ಸಲ, ಎರಡು ಸಲ, ಐದು ಸಲ.
ಒಳಗೆ ಅರವತ್ತು ಜನ.
ಒಬ್ಬರೂ ಬಸ್ಸನ್ನು ಸೋಮಾರಿ ಅನ್ನಲಿಲ್ಲ.
ತಂತಿ ಬಿಟ್ಟದ್ದು ಓಡುವುದಿಲ್ಲ,
ಅಷ್ಟು ಎಲ್ಲರಿಗೂ ಗೊತ್ತು.

ಆ ರಾತ್ರಿ ಬಟ್ಟಲು ತೊಳೆಯುತ್ತ ತೊಳೆಯುತ್ತ
ನಲ್ಲಿಯ ಕೆಳಗೆ ಕೈ ನಿಂತುಬಿಟ್ಟಿತು.
ನೋವಿಲ್ಲ, ಅಳುವಿಲ್ಲ. ಸುಮ್ಮನೆ ನಿಂತಿತು.
ಬೆರಳ ಬಿರುಕಿನಿಂದ ಒಂದೆಳೆ ಕೆಂಪು
ನೀರಿನೊಂದಿಗೆ ಹರಿದು ಹೋಯಿತು.
ಊರಿಗೆಲ್ಲ ಉಪಕಾರಿ, ತನಗೆ ತಾನೇ ಮಾರಿ.
ನನಗಾಗಿ ಯಾರು ಇಳಿಯುತ್ತಾರೆ,
ಯಾರು ಹಿಡಿಯುತ್ತಾರೆ ಹಗ್ಗ?

ಕೊನೆಯ ನಿಲ್ದಾಣದಲ್ಲಿ ಪ್ರತಿ ಸುತ್ತಿಗೂ ಏಳು ನಿಮಿಷ ಬಿಡುವು.
ಹನ್ನೊಂದು ವರ್ಷ ಅದರಲ್ಲಿ
ಮಕ್ಕಳ ಮಾಸ್ತರರಿಗೆ ಫೋನು, ಸಾಲದ ಕಂತಿನ ಲೆಕ್ಕ,
ಕಿಟಕಿ ಒರೆಸುವುದು.
ಮೊದಲ ದಿನ ಸುಮ್ಮನೆ ಕೂತಾಗ
ಕಳ್ಳತನ ಮಾಡಿದಷ್ಟು ಎದೆ ಹೊಡೆದುಕೊಂಡಿತು.
ಎರಡನೆಯ ವಾರ ನಿದ್ದೆ ಹೋಗಿ, ತಡವಾಗಿ, ದಂಡ ಕಟ್ಟಿದೆ.

ಈಗ ಬೂಟು ಬಿಚ್ಚುತ್ತೇನೆ.
ಹೀಟರಿನ ಜಾಲರಿಗೆ ಪಾದ.
ಫ್ಲಾಸ್ಕಿನಲ್ಲಿ ಉಪ್ಪು ಹಾಕಿದ ಹಾಲಿನ ಚಹಾ,
ಯಾರಿಗೂ ಬಗ್ಗಿಸಿಕೊಡದೆ, ನಾನೇ, ಬಿಸಿಯಿರುವಾಗಲೇ.
ಆಮೇಲೆ ಚಾತ್ಸರ್ಗಾನ ಹಣ್ಣಿನ ಎಣ್ಣೆ, ಕಿತ್ತಳೆ ಬಣ್ಣದ್ದು,
ಒಂದೊಂದೇ ಬೆರಳಿಗೆ.
ಉಂಗುರದ ಬೆರಳನ್ನು ನಮ್ಮ ಹಳಬರು ಕರೆಯುತ್ತಿದ್ದದ್ದು
ನೆರ್ಗುಯಿ ಎಂದೇ, ಹೆಸರಿಲ್ಲದ್ದು.
ಬಿರುಕು ಹೆಚ್ಚು ಅದಕ್ಕೇ.
ಅದಕ್ಕೊಂದು ಹನಿ ಜಾಸ್ತಿ.

ಉಣ್ಣೆಯ ಕಾಲುಚೀಲ ಮಾರುವ ಸಂಜಿದ್ಮಾ
ಹೊರಗೆ ಚಳಿಗೆ ನಿಂತಿರುತ್ತಾಳೆ, ಗಂಟಿನ ಮೇಲೆ ಗಂಟು ಹೊತ್ತು.
ಮೂವತ್ತು ಡಿಗ್ರಿ ಶೂನ್ಯದ ಕೆಳಗೆ
ಬಾಗಿಲು ಮುಚ್ಚಿಕೊಂಡು ಸುಖಪಡಲು
ನನಗೆ ಇನ್ನೂ ಬಂದಿಲ್ಲ. ತೆರೆದೆ.
ಅವಳು ಏನೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು
ತನ್ನ ಬೂಟೂ ಬಿಚ್ಚಿದಳು.
ಊರಿಗೆಲ್ಲ ಕಾಲುಚೀಲ ಮಾರುವವಳ ಹೆಬ್ಬೆರಳು
ಚೀಲದ ತೂತಿನಿಂದ ಇಣುಕಿತ್ತು.
ಇಬ್ಬರೂ ನಕ್ಕೆವು. ಮಾತಾಡಲಿಲ್ಲ.
ಎಣ್ಣೆಯ ಶೀಸೆ ಚಾಚಿದೆ.

ಸೋಮವಾರ ಇನ್ಸ್‌ಪೆಕ್ಟರು ಗಾಜು ಬಡಿದ:
‘ನೆರ್ಗುಯಿ, ಬರಿಗಾಲಲ್ಲಿ ಏನು ಮಾಡುತ್ತಿದ್ದೀ?’
‘ಕೊಂಬು ತಂತಿ ಬಿಟ್ಟಿತ್ತು,’ ಅಂದೆ, ‘ಕೂಡಿಸುತ್ತಿದ್ದೇನೆ.’
ಅವನು ಹಿಂದೆ ಸರಿದು ಕತ್ತೆತ್ತಿ
ಛಾವಣಿಯ ಮೇಲೆ ನೋಡಿದ, ಬಹಳ ಹೊತ್ತು.
ಎರಡೂ ಅಲ್ಲೇ ಇದ್ದವು, ತಂತಿಗೆ ಒತ್ತಿಕೊಂಡು.
ಇನ್ನೂ ಮೂರು ನಿಮಿಷವಿತ್ತು.