ಹದಿನೇಳನೇ ನಂಬರು

ಗಿಣಿಗೇರಿ ಹಳಿ ದಾಟಿದ ಮ್ಯಾಲೆ ಬಸ್ಸಿನ್ಯಾಗ ಯಾರೂ ಮಾತಾಡೂದಿಲ್ಲ.
ಮುಂಜಾನಿ ಐದೂವರಿ. ಸ್ಪಾಂಜ್ ಐರನ್ ಹೊಗಿ ಇನ್ನೂ ನೆಲ ಬಿಟ್ಟಿಲ್ಲ.
ಕಿಟಕಿ ಗಾಜಿನ ಮ್ಯಾಲೆ, ನಿನ್ನಿನ ಬೂದಿಯೊಳಗ,
ಯಾರೋ ಬೆರಳಿನಿಂದ ಒಂದು ಹೂವು ಬರದಾರ.

ಗೇಟಿನ್ಯಾಗ ಫೋನು ಕೊಡಬೇಕು.
ಡಬ್ಬಿ ಮುಚ್ಚಳ ತಗದು ತೋರಸಬೇಕು.
ರಿಟೈರಾದ ಹವಾಲ್ದಾರ ದಿನಾ ನನ್ನ ರೊಟ್ಟಿ ಎಣಸ್ತಾನ,
ಹೋಗೂಮುಂದ ಮೂರು, ಬರೂಮುಂದ ಸೊನ್ನಿ,
ಲೆಕ್ಕ ಬರೋಬರಿ ಅಂತ ನಗ್ತಾನ.

ನನ್ನ ಕೆಲಸ ಸಣ್ಣದು.
ಉಕ್ಕಿನ ಕೊಡ ಬರ್ತಾವ ಬಾಯಿ ಮ್ಯಾಲ ಮಾಡಿ,
ಒಂದೊಂದು ಮೂವತ್ತಾರೂವರಿ ಕಿಲೋ.
ಎರಡು ಉಂಗುರ ಅದಾವ ನನ್ನ ಹತ್ರ.
ಹಸರು ಇಳೀಬೇಕು. ಕೆಂಪು ಇಳೀಬಾರದು.
ಅಷ್ಟ.
ಒಂದು ಕೂದಲ ಸೀಳಿ ಮೂರು ಮಾಡಿದರ
ಅದರಾಗಿನ ಒಂದು ಸೀಳಿನಷ್ಟು ತಪ್ಪಿಗೆ ಮಾಫಿ ಐತಿ.
ಆಮ್ಯಾಲೆ ಮುದ್ರಿ ಬಡೀತೀನಿ, ಹದಿನೇಳು.
ಹದಿನೇಳು ಅಂದ್ರ ನಾನು.

ಮದ್ದು ತುಂಬೂದು ಇಲ್ಲಲ್ಲ,
ಅದು ಮತ್ತೆಲ್ಲೋ, ಗೂಡ್ಸ್ ಗಾಡಿ ಹೋಗೂ ಕಡೆ.
ಖಾಲಿ ಕೊಡಕ್ಕ ಪಾಪ ಹತ್ತೂದಿಲ್ಲ ಬಿಡ ತಂಗೀ
ಅಂತಾನ ಸೂಪರ್ವೈಜರ್.
ನಾನು ಕೇಳಿರಲಿಲ್ಲ.

ಪೇಂಟ್ ಶಾಪಿನ್ಯಾಗ ಕಿನ್ನಾಳದ ಕಿಷ್ಟಪ್ಪ.
ಅವರ ಮುತ್ತ್ಯಾ ಹುಣಸಿಬೀಜದ ಅಂಟು ಅರದು
ಗಿಳಿ, ಆನಿ, ಗೌರಿ ಮಾಡತಿದ್ದನಂತ.
ಇಂವ ಹಳದಿ ಪಟ್ಟಿ ಎಳೀತಾನ, ಒಂದ ಉಸರಿಗೆ, ಸುತ್ತ.
ಶುರುವಾದಲ್ಲೇ ಬಂದು ಕೂಡತೈತಿ, ಎಲ್ಲಿ ಕೂಡಿತು ತಿಳಿಯೂದಿಲ್ಲ.
ಗೊಂಬಿಗೂ ಇದಕ್ಕೂ ಏನ್ ಫರಕೋ ಅಣ್ಣಾ, ಒಂದ್ಸಲ ಕೇಳಿದೆ.
ಬ್ರಶ್ ಎತ್ತಲಾರದ ಅಂದ:
ಗೊಂಬಿಗೆ ಕಡೀಕ ಕಣ್ಣು ಬರೀತಿದ್ವಿ.
ಇದಕ್ಕ ಕಣ್ಣಿಲ್ಲ. ಅಷ್ಟು ಕೆಲಸ ಉಳೀತು.

ಪಗಾರ ಒಂದನೇ ತಾರೀಖು, ತಪ್ಪೂದಿಲ್ಲ.
ಅವ್ವನ ಕಣ್ಣಿನ ಪೊರಿ ತಗಸಿದ್ದು ಇದ ರೊಕ್ಕದಾಗ.
ಈಗ ಟೀವಿ ಚಲೋ ಕಾಣತೈತಿ ಅಕಿಗೆ.
ಯಾವುದೋ ದೇಶ, ಬಿದ್ದ ಗ್ವಾಡಿ,
ಸಿಮೆಂಟ್ ಧೂಳಿನ್ಯಾಗ ಅರ್ಧ ಹಾಸಿಗಿ.
ಯಾವೂರವ್ವಾ ಇದು, ಬೂದಿ ಹೊಚ್ಚಿಕೊಂಡು ಥೇಟ್ ನಮ್ಮೂರ ಆಗೇತಿ,
ಅಂದಳು.
ಚಾನಲ್ ಬದಲಿ ಮಾಡಬಹುದಿತ್ತು. ಮಾಡಲಿಲ್ಲ.
ಆ ವಾರ ಓವರ್‌ಟೈಮ್ ಬಂತು, ಮಂದಿ ಪೇಡೆ ಹಂಚಿದರು.
ನಾನೂ ಒಂದು ತಿಂದೆ. ಸಿಹಿ ಇತ್ತು.

ಎಲ್ಲಿ ಹೋಗತಾವ, ಯಾರು ಒಯ್ಯತಾರ
ಯಾರಿಗೂ ಹೇಳೂದಿಲ್ಲ ಅಂತ ಸಹಿ ಮಾಡೇನಿ.
ಹೇಳಾಕ ನನಗ ಏನರ ಗೊತ್ತಿರಬೇಕಲ್ಲ.
ಮಗಳು ಕೇಳಿದರ ಪೈಪು ಮಾಡ್ತೀವಿ ಅಂದೇನಿ,
ನೀರಿನ ಪೈಪು.

ಅಕಿ ಶಾಲಿಯೊಳಗ ಮೊನ್ನೆ ಡಾಕ್ಟರ್ ಬಂದಿದ್ದರು.
ಕಾಲಬೆರಳು ಮಡಚಿಕೊಂಡು ತಕ್ಕಡಿ ಮ್ಯಾಲ ನಿಂತಳು ಚೈತ್ರಾ.
ಮೂವತ್ನಾಕೂವರಿ, ಓದಿದಳು ನರ್ಸು.
ಎರಡು ಕಿಲೋ ಕಮ್ಮಿ, ಪಾಸಾಗೂದಿಲ್ಲ,
ಅಂತ ನನ್ನ ಬಾಯಿಂದ ಬಂದುಬಿಟ್ಟಿತು.
ಮೊಟ್ಟಿ ತಿನಸ್ರೀ, ಅಂತ ನಕ್ಕಳು ನರ್ಸು. ಮಗಳೂ ನಕ್ಕಳು.
ನನ್ನ ಬಲಗೈ ಮಾತ್ರ
ಮುದ್ರಿ ಹಿಡದಂಗ ಬಿಗದುಕೊಂಡಿತ್ತು,
ಮನಿ ಮುಟ್ಟೂತನ ಬಿಚ್ಚಲಿಲ್ಲ.

ಇವತ್ತು ಎರಡನೇ ಪಾಳಿಯೊಳಗ
ಒಂದು ಕೊಡಕ್ಕ ಕೆಂಪು ಉಂಗುರ ಇಳೀತು.
ಸರಕ್ಕನ. ಬಳಿ ಜಾರಿಧಂಗ.
ತಪಾಸಣಿಗೆ ಅಂತ ಬಗ್ಗಿ ಒಳಗ ನೋಡಿದೆ,
ನನ್ನ ಉಸರು ನನ್ನ ಮುಖಕ್ಕ ತಿರುಗಿ ಬಂತು, ಬೆಚ್ಚಗ.
ಬಳಪದಿಂದ ಗುಣಾಕಾರ ಎಳದು ಪಕ್ಕಕ್ಕ ಸರಿಸಿದೆ.

ಉಳಕೊಂಡಿತು ಅಂದುಕೊಂಡೆ.

ಭಟ್ಟಿಗೆ ಹೋಗತೈತಿ ಅದು.
ಕರಗಸ್ತಾರ.
ಬರೂ ತಿಂಗಳು ಇದ ಟೇಬಲ್ಲಿಗೆ ಬರತೈತಿ,
ತಪ್ಪಿಲ್ಲದ.